ಕಡಿಯದೇ ಮರದ ವಯಸ್ಸು ಹೇಳೋದು ಹೇಗೆ?

ಖಾನಾಪುರ ಕಾಡಿನ ಈ ಸಾಗವಾನಿಗೆ
ವಯಸ್ಸೆಷ್ಟು?
ಕಡಿಯದೇ ಹೇಳ್ತೀರಾ?

ರವಿವಾರ ಪೇಟೆಯ ಅಕ್ಕಿ ಅಂಗಡಿಗೆ ಬನ್ನಿ.
ಇಲ್ಲಿ ಅಕ್ಕಿ ನೋಡೋಕೆ ಚೀಲ ಬಿಚ್ಚೋದಿಲ್ಲ.
ಚೂಪಾದ ಕೊಳವೆ ಚುಚ್ತಾರೆ,
ಒಳಗಿನ ಕಾಳು ಅಂಗೈಗೆ ಬರುತ್ತೆ.

ಮರಕ್ಕೂ ಅದೇ ಉಪಾಯ.
ಎದೆಮಟ್ಟದಲ್ಲಿ ಟೊಳ್ಳು ಬೈರಿಗೆ ತಿರುಗಿಸ್ತಾರೆ.
ಸುಮಾರು 5 ಮಿಲಿಮೀಟರ್ ದಪ್ಪದ ಕಡ್ಡಿ ಹೊರಬರುತ್ತೆ.
ಅದರ ತುಂಬ ಗೆರೆ, ಒಂದೊಂದೂ ಮರದ ಉಂಗುರದ ತುಂಡು.

ಮಳೆ ಇಲ್ಲದ ಒಣ ಕಾಲದಲ್ಲಿ ಸಾಗವಾನಿ ಎಲೆ ಉದುರಿಸುತ್ತೆ,
ಬೆಳವಣಿಗೆ ನಿಲ್ಲುತ್ತೆ.
ಮಳೆ ಬಿದ್ರೆ ಮತ್ತೆ ಶುರು.
ಹೀಗೆ ಸಾಮಾನ್ಯವಾಗಿ ವರ್ಷಕ್ಕೊಂದು ಉಂಗುರ.

ಉಂಗುರ ಎಣಿಸಿ.
ಸಸಿ ಎದೆಮಟ್ಟಕ್ಕೆ ಬರೋಕೆ ಹಿಡಿದ ವರ್ಷ ಕೂಡಿಸಿ.
ಅಂದಾಜು ವಯಸ್ಸು ಸಿಕ್ತು!

ಆಲದ ಮರಕ್ಕೆ ಈ ಲೆಕ್ಕ ನಡೆಯಲ್ಲ,
ಅದರ ಉಂಗುರ ಸ್ಪಷ್ಟ ಇರಲ್ಲ.

ಮತ್ತೆ, ಮನೆ ಡ್ರಿಲ್ ಹಿಡ್ಕೊಂಡು ಕಾಡಿಗೆ ಹೊರಡಬೇಡಿ.
ಮರಕ್ಕದು ಗಾಯ.
ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು.