ಹೃದಯದ ಬಾಲ್ಯ

ಹೃದ್ರೋಗವು ನಡುವಯಸ್ಸು ದಾಟಿದವರನ್ನು ಕಾಡುವ ರೋಗವೆಂಬುದು ಸಾಮಾನ್ಯ ತಿಳಿವಳಿಕೆ. ಧೂಮಪಾನ, ಕೊಬ್ಬು ಹೆಚ್ಚಾದ ಆಹಾರ, ಮೈ ಬಗ್ಗಿಸದ ಬದುಕು ಇವು ಅದಕ್ಕೆ ಕಾರಣಗಳೆಂದು ವೈದ್ಯರು ಹೇಳುತ್ತಾರೆ. ಆ ಮಾತು ನಿಜವೇ. ಆದರೆ ಹೃದಯದ ಕಥೆಯು ಬಹಳ ಹಿಂದೆ, ಮಗುವು ತಾಯಿಯ ಗರ್ಭದಲ್ಲಿರುವಾಗಲೇ ಆರಂಭವಾಗುತ್ತದೆಯೆಂಬುದಕ್ಕೂ ಆಧಾರಗಳು ದೊರೆತಿವೆ.

ಇಂಗ್ಲೆಂಡಿನ ವೈದ್ಯ ಡೇವಿಡ್ ಬಾರ್ಕರ್ ಅವರು ಮರಣಸಂಖ್ಯೆಗಳನ್ನು ಹೋಲಿಸುತ್ತಿದ್ದಾಗ ಒಂದು ವಿಚಿತ್ರವನ್ನು ಕಂಡರು. 1920ರ ದಶಕದಲ್ಲಿ ಯಾವ ಪ್ರದೇಶಗಳಲ್ಲಿ ಹಸುಳೆಗಳು ಹೆಚ್ಚಾಗಿ ಸಾಯುತ್ತಿದ್ದುವೋ, ಅರ್ಧ ಶತಮಾನದ ತರುವಾಯ ಅದೇ ಪ್ರದೇಶಗಳಲ್ಲಿ ಹೃದ್ರೋಗದ ಸಾವುಗಳು ಹೆಚ್ಚಾಗಿದ್ದುವು. ಸಿರಿವಂತರ ರೋಗವೆನಿಸಿಕೊಂಡದ್ದು ಬಡವರ ಊರುಗಳಲ್ಲಿ ಬೇರುಬಿಟ್ಟುದೇಕೆ? ಉತ್ತರಕ್ಕೆ ಹಳೆಯ ದಾಖಲೆಗಳು ಬೇಕಾಗಿದ್ದುವು. ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮಹಿಳೆ 1911ರಿಂದ ಸೂಲಗಿತ್ತಿಯರಿಗೂ ದಾದಿಯರಿಗೂ ಒಂದು ಶಿಸ್ತನ್ನು ಕಲಿಸಿದ್ದರು: ಮಗು ಹುಟ್ಟಿದಾಗ ಅದರ ತೂಕವನ್ನು ಬರೆದಿಡಬೇಕು; ಅದಕ್ಕೆ ಒಂದು ವರ್ಷ ತುಂಬಿದಾಗ ಮತ್ತೆ ತೂಗಬೇಕು. ಈ ಲೆಕ್ಕ ಮುಂದೆ ಯಾವ ಕೆಲಸಕ್ಕೆ ಬಂದೀತೆಂದು ಅವರಾರಿಗೂ ತಿಳಿದಿರಲಿಲ್ಲ. ಆ ಪುಸ್ತಕಗಳಲ್ಲಿದ್ದ 5654 ಗಂಡುಮಕ್ಕಳ ಬಾಳನ್ನು ಬಾರ್ಕರ್ ಮತ್ತು ಸಂಗಡಿಗರು ಬೆನ್ನಟ್ಟಿ, 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವರ್ಷ ತುಂಬಿದಾಗ ಸುಮಾರು 8 ಕಿಲೋಗ್ರಾಂ ಇಲ್ಲವೆ ಅದಕ್ಕಿಂತ ಕಡಮೆ ತೂಗಿದವರಲ್ಲಿ ಹೃದ್ರೋಗದ ಮರಣಪ್ರಮಾಣವು, 12 ಕಿಲೋಗ್ರಾಮಿಗಿಂತ ಹೆಚ್ಚು ತೂಗಿದವರದಕ್ಕಿಂತ ಎರಡು ಪಟ್ಟಿಗೂ ಮೀರಿತ್ತು.

ಅಂತಹುದೇ ಭಂಡಾರವೊಂದು ನಮ್ಮ ಮೈಸೂರಿನಲ್ಲಿಯೂ ಇತ್ತು. ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಜೋಪಾನವಾಗಿ ಇರಿಸಿತ್ತು. 1954ರವರೆಗೆ ಅಲ್ಲಿ ಜನಿಸಿದವರಲ್ಲಿ 517 ಮಂದಿ ಗಂಡಸರನ್ನೂ ಹೆಂಗಸರನ್ನೂ ಪತ್ತೆಹಚ್ಚಿ ಪರೀಕ್ಷಿಸಲಾಯಿತು. ಹುಟ್ಟಿದಾಗ ಎರಡೂವರೆ ಕಿಲೋಗ್ರಾಂ ಅಥವಾ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋಗ್ರಾಂ ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. 1996ರಲ್ಲಿ ಇದು ಪ್ರಕಟವಾಯಿತು. ಇದನ್ನು ಓದಿ ಹೆದರಬೇಕಾಗಿಲ್ಲ. ಕಿರಿದಾಗಿ ಹುಟ್ಟಿದವರಲ್ಲಿಯೂ ನೂರಕ್ಕೆ 89 ಮಂದಿ ರೋಗವಿಲ್ಲದೆ ಇದ್ದರಷ್ಟೆ!

ಇದು ಹೇಗೆ ಸಂಭವಿಸುತ್ತದೆ? ಗರ್ಭದಲ್ಲಿ ಪೋಷಣೆ ಸಾಲದಾದಾಗ ಶರೀರವು ಇದ್ದುದರಲ್ಲಿ ಮಿದುಳನ್ನು ಮೊದಲು ಕಾಪಾಡುತ್ತದೆ. ಉಳಿದ ಅಂಗಗಳಿಗೆ ಕೊರತೆಯಾಗುತ್ತದೆ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸೂಕ್ಷ್ಮ ಘಟಕಗಳು ಜನನಕ್ಕೆ ಮುಂಚೆಯೇ ರೂಪುಗೊಳ್ಳುತ್ತವೆ. ಆಗ ಕಡಮೆಯಾದವುಗಳನ್ನು ಆಮೇಲೆ ಎಷ್ಟು ಉಂಡರೂ ತುಂಬಿಸಲಾಗದು. ಇರುವ ಕೆಲವೇ ಘಟಕಗಳ ಮೇಲೆ ಹೊರೆ ಬಿದ್ದು, ವಯಸ್ಸಾದಂತೆ ರಕ್ತದೊತ್ತಡ ಏರಬಹುದು. ಹೃದಯದ ಸ್ನಾಯುಕೋಶಗಳೂ ಬಹುಮಟ್ಟಿಗೆ ಜನನದ ವೇಳೆಗೆ ಸಿದ್ಧವಾಗಿರುತ್ತವೆ. ಬಡತನವೇ ಎಲ್ಲಕ್ಕೂ ಕಾರಣವಿರಬಾರದೇಕೆ ಎಂದು ಕೆಲವರು ಆಕ್ಷೇಪಿಸಿದರು. ಅದು ನ್ಯಾಯವಾದ ಆಕ್ಷೇಪವೇ. ಆದರೆ ಬಡತನ ಸಿರಿತನಗಳ ಗೊಡವೆಯಿಲ್ಲದ ಇಲಿಗಳಲ್ಲಿಯೂ, ಗರ್ಭಿಣಿಗೆ ಸಸಾರಜನಕವುಳ್ಳ ಆಹಾರವನ್ನು ಕಡಮೆ ಮಾಡಿದಾಗ ಮರಿಗಳ ರಕ್ತದೊತ್ತಡ ಹೆಚ್ಚಿತು.

ಹಾಗಾದರೆ ಕೃಶವಾದ ಮಗುವಿಗೆ ತುರುಕಿ ತುರುಕಿ ಉಣಿಸಿದರೆ ಸರಿಹೋಗುವುದೆ? ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1934ರಿಂದ 1944ರವರೆಗೆ ಹುಟ್ಟಿದ 8760 ಮಂದಿಯ ಅಧ್ಯಯನವು ಎಚ್ಚರಿಸುತ್ತದೆ. ಹುಟ್ಟುವಾಗ ಕಿರಿದಾಗಿದ್ದು, ಎರಡನೆಯ ವರ್ಷದಲ್ಲಿ ತೆಳ್ಳಗಿದ್ದು, ಆಮೇಲೆ ಹನ್ನೊಂದರವರೆಗೆ ಬೇಗಬೇಗನೆ ಮೈ ತುಂಬಿಕೊಂಡವರಲ್ಲಿಯೇ ಹೃದ್ರೋಗ ಹೆಚ್ಚಾಗಿ ಕಂಡಿತು. ಶೈಶವದಲ್ಲಿ ಬೆಳೆಯಬೇಕಾದ ಸ್ನಾಯು ಬೆಳೆಯದೆ, ತಡವಾಗಿ ಬಂದ ತೂಕವು ಕೊಬ್ಬಾಗಿ ಸೇರುವುದೇ ಇದಕ್ಕೆ ಕಾರಣವಿರಬಹುದೆಂದು ವಿಜ್ಞಾನಿಗಳ ಊಹೆ. ಮೊದಲೆರಡು ವರ್ಷಗಳ ಬೆಳವಣಿಗೆಗೂ ಅನಂತರದ ಸ್ಥೂಲತೆಗೂ ಇರುವ ಅಂತರವನ್ನು ಹಿರಿಯರು ಎಷ್ಟೋ ಸಲ ಮರೆತುಬಿಡುತ್ತಾರೆ.

ಮೈಸೂರಿನ ಲೆಕ್ಕದಲ್ಲಿ ಇನ್ನೊಂದು ಅಂಶವಿದೆ. ಶಿಶುವೂ ಎರಡೂವರೆ ಕಿಲೋಗ್ರಾಮನ್ನು ಮೀರದೆ, ತಾಯಿಯೂ 45 ಕಿಲೋಗ್ರಾಮಿಗಿಂತ ಹಗುರವಾಗಿದ್ದಲ್ಲಿ ಹೃದ್ರೋಗವು ನೂರಕ್ಕೆ 20 ಮಂದಿಯಲ್ಲಿ ಕಾಣಿಸಿತು. ಆ ತಾಯಂದಿರು ಬಾಲಕಿಯರಾಗಿದ್ದಾಗ ಅವರ ತಟ್ಟೆಗೆ ಎಷ್ಟು ಬಿದ್ದಿತ್ತೆಂಬುದನ್ನು ಯಾವ ಪುಸ್ತಕವೂ ಬರೆದಿಡಲಿಲ್ಲ. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹೊಸ ಅಧ್ಯಯನವೊಂದು ಆರಂಭವಾದಾಗ, ಹೆರಿಗೆಗೆ ತಿಂಗಳುಗಳ ಮೊದಲೇ ಗರ್ಭಿಣಿಯರ ತೂಕ, ಆಹಾರ, ರಕ್ತದ ಸಕ್ಕರೆಗಳನ್ನು ಅಳೆದು ಬರೆದುಕೊಳ್ಳಲಾಯಿತು.