ಗುಜರಿ ತಕ್ಕಡಿಯಲ್ಲಿ ಮೈಸೂರು ಕಾಸು

‘ಆಂಟಿಕ್’ ಎಂದು ಫಲಕ ತೂಗುಹಾಕಿಕೊಂಡ ಅಂಗಡಿ ಕೊಳ್ಳೇಗಾಲದ ಕಡೆ ಅಪರೂಪ. ಇಲ್ಲಿ ಹಳೆಯ ನಾಣ್ಯ ಕೈ ಬದಲಾಯಿಸುವುದು ಗಿರವಿ ಅಂಗಡಿಯಲ್ಲಿ, ಬೆಳ್ಳಿ ಅಂಗಡಿಯ ಡಬ್ಬದಲ್ಲಿ, ಒಡೆದ ತಪ್ಪಲೆಯ ಜೊತೆಗೆ ತೂಕಕ್ಕೆ ಬೀಳುವ ಗುಜರಿಯವನ ಮೂಟೆಯಲ್ಲಿ. ಅಜ್ಜಿಯ ಕಾಲದ ಪೆಟ್ಟಿಗೆ ತೆಗೆದವರು ಬೆಳ್ಳಿ ರೂಪಾಯಿಯನ್ನು ಬೇರೆ ಇಟ್ಟು, ಕರಿಬಿದ್ದ ತಾಮ್ರದ ಬಿಲ್ಲೆಗಳನ್ನು ಹಾಗೇ ಸುರಿದು ಬರುತ್ತಾರೆ. ನಾಣ್ಯ ಬಲ್ಲವರು ಮೊದಲು ಕೈ ಹಾಕುವುದು ಆ ಸುರಿದ ರಾಶಿಗೇ.

ಕೊಳ್ಳೇಗಾಲ, ಹನೂರು, ಯಳಂದೂರಿನ ಪೆಟ್ಟಿಗೆಗಳಲ್ಲಿ ಎರಡು ರಾಜ್ಯಗಳ ದುಡ್ಡು ಒಟ್ಟಿಗೆ ಸಿಗಲು ಕಾರಣವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲದ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಅದು ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರಾದರೋ ಮೈಸೂರಿನದು; 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಅಂದರೆ ಯಳಂದೂರಿನಿಂದ ಕೊಳ್ಳೇಗಾಲದ ಸಂತೆಗೆ ಹೊರಟ ರೈತ ಒಂದು ಸರ್ಕಾರದ ಗಡಿ ದಾಟಿ ಇನ್ನೊಂದು ಸರ್ಕಾರದ ಲೆಕ್ಕಕ್ಕೆ ಕಾಲಿಡುತ್ತಿದ್ದ. ಮೈಸೂರಿನಲ್ಲಿ ಹತ್ತು ಹಣಕ್ಕೆ ಒಂದು ವರಹ. ಮದರಾಸಿನ ಕಂಪನಿ ಲೆಕ್ಕದಲ್ಲಿ 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ವರಹ. 1818ರಲ್ಲಿ ಮದರಾಸು ರೂಪಾಯಿಯನ್ನೇ ಮುಖ್ಯ ನಾಣ್ಯವೆಂದು ಒಪ್ಪಿಕೊಳ್ಳುವವರೆಗೆ ಈ ಗೋಜಲು ನಡೆದೇ ಇತ್ತು. ನಡುವೆ ವಟ್ಟ ಹಿಡಿದು ನಾಣ್ಯ ಬದಲಿಸಿಕೊಡುವ ಚಿನಿವಾರರಿಗೆ ಅದರಿಂದ ನಷ್ಟವೇನೂ ಆಗಿರಲಾರದು.

ಬೆಳ್ಳಿಯ ಮಾತು ಬೇಗ ಮುಗಿಯುತ್ತದೆ. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಮುಖವಿರುವ ರೂಪಾಯಿ 11.66 ಗ್ರಾಂ ತೂಗುತ್ತದೆ, ನೂರಕ್ಕೆ 91.7ರಷ್ಟು ಬೆಳ್ಳಿ. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು; 1947ಕ್ಕೆ ರೂಪಾಯಿ ನಿಕ್ಕಲ್ಲಿನದಾಯಿತು. ಇಷ್ಟು ಲೆಕ್ಕ ಪ್ರತಿಯೊಬ್ಬ ಬೆಳ್ಳಿ ವ್ಯಾಪಾರಿಗೂ ಗೊತ್ತು, ಹಾಗಾಗಿ ಅಲ್ಲಿ ಅಗ್ಗಕ್ಕೆ ಸಿಗುವುದು ಕಡಿಮೆ. ಆದರೂ ತಾರೀಖು ನೋಡದೆ ತೂಗಿ ಕೊಡುವವರಿದ್ದಾರೆ. 1911ರ ಜಾರ್ಜ್ ರೂಪಾಯಿಯಲ್ಲಿ ದೊರೆಯ ಕೊರಳಹಾರದ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯೆದ್ದು, ಮರುವರ್ಷವೇ ಚಿತ್ರ ತಿದ್ದಬೇಕಾಯಿತು. ಸಂಗ್ರಾಹಕರು ಅದಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಡುತ್ತಾರೆ. 1939ರ ರೂಪಾಯಿ ಇನ್ನೂ ವಿರಳ. ಅದರ ನಕಲಿಗಳು ಮಾತ್ರ ವಿರಳವಲ್ಲ.

ತಾಮ್ರದಲ್ಲಿ ಕಥೆಯೇ ಬೇರೆ. ಟಿಪ್ಪು ಸುಲ್ತಾನನ ಆನೆ ಕಾಸನ್ನು ಗುರುತಿಸದವರು ಈ ಭಾಗದಲ್ಲಿ ಕಡಿಮೆ; ಆದರೆ ಆನೆಯ ಹಿಂಬದಿ ತಿರುಗಿಸಿ ಓದುವವರು ಬೆರಳೆಣಿಕೆಯಷ್ಟು. ಅಲ್ಲಿ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ. ‘ಪಟನ್’ ಎಂದಿದ್ದರೆ ಶ್ರೀರಂಗಪಟ್ಟಣ, ‘ನಗರ’ ಎಂದಿದ್ದರೆ ಬಿದನೂರು, ‘ಫರ್ರುಖ್‌ಯಾಬ್ ಹಿಸಾರ್’ ಎಂದಿದ್ದರೆ ಚಿತ್ರದುರ್ಗ. ಪಟ್ಟಣದ ಕಾಸು ಹೇರಳ. ಊರುಗಳಿಗೆಲ್ಲ ಹೊಸ ಹೆಸರಿಟ್ಟ ಟಿಪ್ಪು ಕೊಳ್ಳೇಗಾಲದ ಬೆಟ್ಟಸಾಲಿನ ಆಚೆಗಿರುವ ಸತ್ಯಮಂಗಲವನ್ನು ‘ಸಲಾಮಾಬಾದ್’ ಎಂದು ಕರೆದ. ಆ ಹೆಸರಿನ ಕಾಸು ಕಂಡರೆ ಪಳಗಿದ ಸಂಗ್ರಾಹಕರೂ ಎರಡನೇ ಸಲ ನೋಡುತ್ತಾರೆ. ಪಟ್ಟಣದ್ದಕ್ಕೂ ಇದಕ್ಕೂ ಗುಜರಿಯಲ್ಲಿ ಒಂದೇ ತೂಕ, ಒಂದೇ ಬೆಲೆ.

ಇಸವಿಯಲ್ಲೂ ಒಂದು ತೊಡಕಿದೆ. ಹಿಜರಿ ಬಿಟ್ಟು ಮೌಲೂದಿ ಶಕೆಗೆ ಹೊರಳಿದ ಮೇಲೆ ಟಿಪ್ಪು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು ನಾಣ್ಯದ ಮೇಲೆ 5121 ಎಂಬಂತೆ ಕಾಣುತ್ತದೆ. ಅದು ಸುಮಾರು ಕ್ರಿ.ಶ. 1787. ಕಾಸುಗಳಿಗೆ ಅವನು ನಕ್ಷತ್ರ, ಗ್ರಹಗಳ ಹೆಸರನ್ನೇ ಇಟ್ಟ: ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧಕ್ಕೆ ಬಹ್ರಾಮ್ ಅಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್, ಅದರರ್ಧಕ್ಕೆ ಕುತ್ಬ್. ಇದನ್ನೆಲ್ಲ ಬಿಡಿಸಿ ಪಟ್ಟಿ ಮಾಡಿಟ್ಟವರು ಮದರಾಸು ಮ್ಯೂಸಿಯಂನ ಜೆ.ಆರ್. ಹೆಂಡರ್ಸನ್; ಹೈದರ್ ಮತ್ತು ಟಿಪ್ಪು ನಾಣ್ಯಗಳ ಬಗ್ಗೆ 1921ರಲ್ಲಿ ಬಂದ ಅವರ ಪುಸ್ತಕವನ್ನು ಇಂದಿಗೂ ಯಾರೂ ಬದಿಗಿಟ್ಟಿಲ್ಲ.

ಟಿಪ್ಪುವಿನದಕ್ಕಿಂತ ಹೆಚ್ಚು ಅವಜ್ಞೆಗೆ ಗುರಿಯಾದವು ಮೈಸೂರು ಒಡೆಯರ ಕಾಲದ ಪುಟ್ಟ ತಾಮ್ರದ ಕಾಸುಗಳು. ಒಂದು ಬದಿ ಅಡ್ಡ ಉದ್ದ ಗೆರೆಗಳ ಚೌಕುಳಿ, ಇನ್ನೊಂದು ಬದಿ ಒಂದು ಕನ್ನಡ ಅಂಕಿ, ಅಷ್ಟೇ. ರಾಜನ ಹೆಸರಿಲ್ಲ, ಇಸವಿಯಿಲ್ಲ. ಬೊಟ್ಟಿನ ತುದಿಯಷ್ಟಿರುವ ಈ ದಪ್ಪ ಚೂರನ್ನು ನಾಣ್ಯವೆಂದು ನಂಬುವುದೇ ಕಷ್ಟ. ಆದರೆ ಬೇರೆ ಬೇರೆ ಅಂಕಿಗಳನ್ನು ಸಾಲಾಗಿ ಜೋಡಿಸುತ್ತ ಹೋಗುವ ಹುಚ್ಚು ಹಿಡಿದವರಿಗೆ ಒಂದು ಅಂಕಿ ಸಿಗದೆ ಉಳಿದರೂ ನಿದ್ದೆ ಬರುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಬಂದರೆ ಓದುವುದು ಸುಲಭ: ‘ಮಯಿಲಿ ಕಾಸು’ ಎಂದು ಕನ್ನಡದಲ್ಲೇ ಕೊರೆದಿದೆ, ಜೊತೆಗೆ ಇಂಗ್ಲಿಷೂ ಪರ್ಷಿಯನ್ನೂ ಇವೆ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. ಅಲ್ಲಿಗೆ ಮೈಸೂರಿನ ಸ್ವಂತ ನಾಣ್ಯ ಮುಗಿಯಿತು.

ಚಿನ್ನದಲ್ಲಿ ಕಂಠೀರಾಯಿ ಹಣ ಈ ಸೀಮೆಗೆ ಹತ್ತಿರದ್ದು. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಈ ಹಣ ಗ್ರಾಮಿನ ಮೂರರಲ್ಲೊಂದು ಭಾಗದಷ್ಟು ತೂಗುತ್ತದೆ. ಉಗುರಿನ ಮೇಲೆ ಇಟ್ಟರೆ ಜಾರಿ ಕಳೆದುಹೋಗುವಷ್ಟು ಚಿಕ್ಕದು. ಯಳಂದೂರಿನ ಜಹಗೀರುದಾರರಾದ ಅದೇ ಪೂರ್ಣಯ್ಯನವರು ಮುಂದೆ ಅದನ್ನು ಮತ್ತೆ ಅಚ್ಚು ಹಾಕಿಸಿದರು. ಹಳೆಯದನ್ನೂ ಹೊಸದನ್ನೂ ಗಿಡ್ಡ ಕಂಠೀರಾಯಿ, ಅಗಲ ಕಂಠೀರಾಯಿ ಎಂಬ ಹೆಸರುಗಳಿಂದ ಜನ ಬೇರೆ ಮಾಡಿಕೊಂಡರು. ಚಿನ್ನವೆಂದು ತೂಗಿ ಕೊಟ್ಟರೆ ಆ ವ್ಯತ್ಯಾಸ ಕರಗಿಹೋಯಿತೆಂದೇ ಲೆಕ್ಕ.

ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ ಎಂಬುದಕ್ಕೆ ಕಂಪನಿಯ 1808ರ ಹತ್ತು, ಇಪ್ಪತ್ತು ಕಾಸುಗಳಿಗಿಂತ ಒಳ್ಳೆಯ ಉದಾಹರಣೆ ಬೇಡ. ಬರ್ಮಿಂಗ್‌ಹ್ಯಾಮಿನಲ್ಲಿ ಮದರಾಸಿಗೆಂದೇ ಅಚ್ಚಾದ ಈ ಕಾಸುಗಳನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಹೊರಟ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್ವಿನ್ ಮರಳುದಿಬ್ಬದಲ್ಲಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಅವನ್ನು ರಾಶಿರಾಶಿಯಾಗಿ ಮೇಲೆತ್ತಿದರು. ಇನ್ನೂರು ವರ್ಷ ದಾಟಿದ ನಾಣ್ಯ, ಹಡಗಿನ ದುರಂತದ ಕಥೆ ಬೇರೆ. ಆದರೂ ಲೋಕದ ಮಾರುಕಟ್ಟೆಯಲ್ಲಿ ಅಗ್ಗ.

ಇನ್ನು 1818 ಎಂದು ಬರೆದು ರಾಮ, ಸೀತೆ, ಹನುಮಂತರ ಚಿತ್ರವಿರುವ ‘ಈಸ್ಟ್ ಇಂಡಿಯಾ ಕಂಪನಿ ಅರ್ಧಾಣೆ’. ಕೋಟಿ ಬೆಲೆ, ಅಕ್ಕಿ ಎಳೆಯುವ ಶಕ್ತಿ ಎಂದೆಲ್ಲ ಇದರ ಸುತ್ತ ಹಬ್ಬಿದ ಮಾತಿಗೆ ಕೊನೆಯಿಲ್ಲ. ಕಂಪನಿ ಇಂಥ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಇವು ಆಮೇಲೆ ಯಾರೋ ಹೊಡೆಸಿದ ಬಿಲ್ಲೆಗಳು. ಹಳೆಯ ನೋಟು, ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಬೇಕಾಯಿತು. ಟಿಪ್ಪು ಕಾಸಿನಲ್ಲೂ ಎರಕದ ನಕಲಿಗಳಿವೆ: ಅಂಚಿನಲ್ಲಿ ಬೆಸುಗೆಯ ಗೆರೆ, ಮೈಮೇಲೆ ಗುಳ್ಳೆಯ ಕುಳಿ, ತೂಕದಲ್ಲಿ ಏರುಪೇರು. ಅಸಲಿ ಪೈಸೆ ಸುಮಾರು 11 ಗ್ರಾಂ.

ನಕಲಿಯಂತೆ ಕಂಡದ್ದೆಲ್ಲ ನಕಲಿಯೂ ಅಲ್ಲ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟನ್ನರ ನೆಲೆಯಿದೆ; ಅವರೊಂದಿಗೆ ಬಂದ ನಾಣ್ಯವೂ ಇಲ್ಲಿ ಸಿಗಬಹುದು. ಬ್ರಿಟಿಷ್ ಇಂಡಿಯಾದ ರೂಪಾಯಿ ಟಿಬೆಟಿನಲ್ಲೂ ಚಲಾವಣೆಯಾಗುತ್ತಿತ್ತು. ಅದನ್ನು ತಡೆಯಲು ಚೀನೀಯರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದೇ ಗಾತ್ರಕ್ಕೆ, ರಾಣಿಯ ಜಾಗದಲ್ಲಿ ತಮ್ಮ ಚಕ್ರವರ್ತಿಯ ಮುಖವಿಟ್ಟು ಸಿಚುವಾನಿನಲ್ಲಿ ರೂಪಾಯಿ ಹೊಡೆಸಿದರು. ಸವೆದ ಬೆಳ್ಳಿ ರೂಪಾಯಿಯ ಹಿಂಬದಿ ಚೀನೀ ಅಕ್ಷರ ಕಂಡರೆ ಖೋಟಾ ಎಂದು ಎಸೆಯುವ ಮುನ್ನ ಬಲ್ಲವರಿಗೊಮ್ಮೆ ತೋರಿಸುವುದು ಮೇಲು.

ಬಲ್ಲವರನ್ನು ಹುಡುಕುವವರು ಬೆಂಗಳೂರಿನ ಕನ್ನಡನಾಡು ನಾಣ್ಯ ಸಂಘದ ಪ್ರದರ್ಶನಗಳಿಗೆ ಹೋಗಬಹುದು. ಓದುವವರಿಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದ ಎ.ವಿ. ನರಸಿಂಹಮೂರ್ತಿಯವರ ಕರ್ನಾಟಕ ನಾಣ್ಯಗಳ ಗ್ರಂಥವಿದೆ. ಕಾನೂನೂ ತಿಳಿದಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಹೊಲ ಉಳುವಾಗ ನಾಣ್ಯ ತುಂಬಿದ ಗಡಿಗೆ ಸಿಕ್ಕರೆ ಅದು ನಿಧಿ, ಸರ್ಕಾರಕ್ಕೆ ತಿಳಿಸಲೇಬೇಕು.

ಮನೆಯಲ್ಲಿ ಹಳೆಯ ಕಾಸು ಇರುವವರು ಅದನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಹೊಳಪು ಬಂದ ಕ್ಷಣಕ್ಕೆ ಅಕ್ಷರವೂ ಬೆಲೆಯೂ ಹೋಗುತ್ತವೆ. ಗುಜರಿಗೆ ಹಾಕುವ ಮುನ್ನ ಎರಡೂ ಬದಿಯ ಫೋಟೊ ತೆಗೆದು, ಯಾವ ಊರಿನ ಯಾವ ಮನೆಯದೆಂದು ಒಂದು ಚೀಟಿಯಲ್ಲಿ ಬರೆದಿಡಿ.