ಬೂದಿ ಮುಚ್ಚಿದ ಕೆಂಡ: ಗುಣವಾದ ದನದಲ್ಲಿ ಅಡಗಿರುವ ಐ.ಬಿ.ಆರ್. ಜಾಡ್ಯ

ದನವು ಬೇನೆಯಿಂದ ಎದ್ದು ಮೇವಿಗೆ ಬಾಯಿ ಹಾಕಿತೆಂದರೆ ರೈತನ ಜೀವಕ್ಕೆ ಸಮಾಧಾನವಾಗುವುದು. ಬೇನೆ ಹೋಯಿತು, ದನ ಉಳಿಯಿತು ಎಂದು ಅವನು ನಿಶ್ಚಿಂತನಾಗುವನು. ಹಿಂದೆ ಊರೂರುಗಳ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗದ ವಿಷಯದಲ್ಲಿ ಈ ನಂಬಿಕೆಯು ಸರಿಯಾಗಿಯೇ ಇದ್ದಿತು. ದೊಡ್ಡರೋಗದಿಂದ ಬದುಕಿ ಉಳಿದ ದನಕ್ಕೆ ಆ ರೋಗವು ಮತ್ತೆ ಬರುತ್ತಿರಲಿಲ್ಲ; ಅದರಿಂದ ಬೇರೆ ದನಗಳಿಗೆ ಹರಡುತ್ತಲೂ ಇರಲಿಲ್ಲ. ಆ ರೋಗಕ್ಕೆ ಅಡಗಿ ಕೂರುವ ಗುಣವಿಲ್ಲದಿದ್ದುದರಿಂದಲೇ ಲಸಿಕೆಯ ಬಲದಿಂದ ಅದನ್ನು ಬೇರುಸಹಿತ ಕೀಳುವುದು ಸಾಧ್ಯವಾಯಿತು. ಭಾರತವು ಅದರಿಂದ ಮುಕ್ತವಾಯಿತೆಂದು 2006ರಲ್ಲಿಯೂ, ಸಮಸ್ತ ಭೂಮಂಡಲವೇ ಮುಕ್ತವಾಯಿತೆಂದು 2011ರಲ್ಲಿಯೂ ಸಾರಲಾಯಿತು.

ಆದರೆ ಎಲ್ಲ ಜಾಡ್ಯಗಳೂ ಈ ರೀತಿಯವಲ್ಲ. ದನವು ಗುಣವಾದಂತೆ ಕಂಡರೂ ಅದರ ಮೈಯನ್ನು ಬಿಟ್ಟುಹೋಗದೆ, ಬೂದಿ ಮುಚ್ಚಿದ ಕೆಂಡದಂತೆ ಒಳಗೆ ಅಡಗಿದ್ದು, ಸಮಯ ಬಂದಾಗ ಮತ್ತೆ ತಲೆಯೆತ್ತುವ ಜಾಡ್ಯಗಳೂ ಉಂಟು. ಇವುಗಳಲ್ಲಿ ಐ.ಬಿ.ಆರ್. ಎಂಬುದು ಹಾಲಿನ ದನಗಳನ್ನು ಸಾಕುವವರೆಲ್ಲರೂ ತಿಳಿದಿರಬೇಕಾದದ್ದಾಗಿದೆ.

ಒಂದು ದೃಷ್ಟಾಂತ

ಗಂಗಾವತಿ ಸೀಮೆಯ ಸಿದ್ದಾಪುರದಂತಹ ಊರನ್ನು ತೆಗೆದುಕೊಳ್ಳೋಣ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಕಡೆ ನೆಲ್ಲಿನ ಬೆಳೆಯು ಹೆಚ್ಚಿ, ಹುಲ್ಲಿಗೆ ಕೊರತೆಯಿಲ್ಲದ್ದರಿಂದ ಹಾಲಿಗಾಗಿ ಮಿಶ್ರತಳಿಯ ಆಕಳುಗಳನ್ನು ಕಟ್ಟುವುದು ಲಾಭಕರವಾಗಿ ತೋರುವುದು ಸಹಜ. ಅಂತಹ ಊರಿನ ಒಬ್ಬ ಒಕ್ಕಲಿಗನು ದೂರದ ಸಂತೆಯಿಂದ ಗಬ್ಬದ ಆಕಳೊಂದನ್ನು ಲಾರಿಯಲ್ಲಿ ಹೇರಿಸಿ ತಂದನೆಂದು ಇಟ್ಟುಕೊಳ್ಳೋಣ. ಆಕಳು ಮೈತುಂಬಿಕೊಂಡಿದೆ; ಕಣ್ಣು ತಿಳಿಯಾಗಿದೆ; ಮೇವು ಚೆನ್ನಾಗಿ ತಿನ್ನುತ್ತದೆ. ಅದನ್ನು ಅವನು ಅಂದೇ ಮನೆಯ ದನಗಳ ಜೊತೆಯಲ್ಲಿ ಒಂದೇ ಗೋದಲಿಗೆ ಕಟ್ಟುವನು. ಹದಿನೈದು ದಿನ ಕಳೆಯುವಷ್ಟರಲ್ಲಿ ಮನೆಯ ದನಗಳಿಗೆ ಜ್ವರ ಬಂದು ಮೂಗು ಕೆಂಪೇರುವುದು, ಹಾಲು ಇಳಿಯುವುದು. ಕೆಲವು ದಿನಗಳಲ್ಲಿ ಅವು ಚೇತರಿಸಿಕೊಳ್ಳುವುವು. ಒಂದೆರಡು ತಿಂಗಳು ಕಳೆದ ಮೇಲೆ ಆರು ತಿಂಗಳ ಗಬ್ಬದ ಆಕಳು ಕಂದು ಹಾಕುವುದು. ಹಿಂದೆಯೇ ನೆರೆಮನೆಯವನ ಆಕಳೂ ಕಂದು ಹಾಕುವುದು.

ಇಂತಹ ಸಮಯದಲ್ಲಿ ಜನರು ದೃಷ್ಟಿ ತಾಗಿತೆನ್ನುವರು, ಮೇವು ಕೆಟ್ಟಿತೆನ್ನುವರು, ನೀರನ್ನು ದೂರುವರು. ಹೊಸದಾಗಿ ತಂದ ಆಕಳನ್ನು ಮಾತ್ರ ಯಾರೂ ಸಂಶಯಿಸರು. ಏಕೆಂದರೆ ಅದಕ್ಕೆ ಬೇನೆಯೇ ಇಲ್ಲವಷ್ಟೆ! ಬೇನೆಯಿಲ್ಲದಂತೆ ಕಾಣುವ ಆ ಆಕಳಿನಿಂದಲೇ ಬೇನೆಯು ಬಂದಿರಬಹುದೆಂಬುದೇ ಈ ಲೇಖನದ ಮುಖ್ಯ ವಿಷಯವಾಗಿದೆ.

ಜಾಡ್ಯದ ಪರಿಚಯ

ಐ.ಬಿ.ಆರ್. ಎಂಬುದು ದನಗಳ ಮೂಗು ಮತ್ತು ಶ್ವಾಸನಾಳಗಳ ಅಂಟುಜಾಡ್ಯ. ಇದಕ್ಕೆ ಕಾರಣವು ವೈರಸ್ ಎಂಬ ಅತಿಸೂಕ್ಷ್ಮ ವಿಷಾಣು. ಇದು ಹರ್ಪಿಸ್ ಎಂಬ ವಂಶಕ್ಕೆ ಸೇರಿದ್ದು. ಅಮೆರಿಕ ದೇಶದ ಪಶ್ಚಿಮ ಭಾಗದ ದನದ ದೊಡ್ಡಿಗಳಲ್ಲಿ 1950ರ ದಶಕದಲ್ಲಿ ಶ್ವಾಸದ ಬೇನೆಯಾಗಿ ಇದು ಪ್ರಸಿದ್ಧಿಗೆ ಬಂದಿತು. 1956ರಲ್ಲಿ ವಿಷಾಣುವನ್ನು ಬೇರ್ಪಡಿಸಿ ಗುರುತಿಸಿದರು. ನಮ್ಮ ದೇಶದಲ್ಲಿ ಮೊದಲು ಉತ್ತರ ಪ್ರದೇಶದಿಂದ 1976ರಲ್ಲಿ ವರದಿಯಾಯಿತು. ಆ ಮೇಲೆ ಕರ್ನಾಟಕವೂ ಸೇರಿ ಅನೇಕ ರಾಜ್ಯಗಳ ದನ ಎಮ್ಮೆಗಳಲ್ಲಿ ಇದರ ಸೋಂಕು ರಕ್ತಪರೀಕ್ಷೆಯಿಂದ ಕಂಡುಬಂದಿದೆ.

ಸೋಂಕು ತಗಲಿದ ಎರಡರಿಂದ ಆರು ದಿನಗಳೊಳಗೆ ಜ್ವರವು 105ರಿಂದ 107 ಡಿಗ್ರಿಯವರೆಗೆ ಏರುವುದು. ಮೂಗಿನ ಹೊಳ್ಳೆಗಳು ಕೆಂಪಾಗಿ, ಮೊದಲು ನೀರಿನಂತಹ, ಬಳಿಕ ಗಟ್ಟಿಯಾದ ಸಿಂಬಳ ಸುರಿಯುವುದು. ಕಣ್ಣು ಕೆಂಪೇರಿ ನೀರಿಳಿಯುವುದು. ಹಾಲು ಕಡಿಮೆಯಾಗುವುದು. ಬೇರೆ ಸೋಂಕು ಸೇರಿ ಪುಪ್ಪುಸಕ್ಕೆ ಇಳಿಯದಿದ್ದಲ್ಲಿ ಹೆಚ್ಚಿನ ದನಗಳು ಒಂದೆರಡು ವಾರಗಳಲ್ಲಿ ಗುಣಹೊಂದುವುವು. ಆದರೆ ಗಬ್ಬದ ದನವು ಕೆಲವು ವಾರಗಳಾದ ಮೇಲೆ, ಒಮ್ಮೊಮ್ಮೆ ಮೂರು ತಿಂಗಳಾದ ಮೇಲೆ, ಕಂದು ಹಾಕುವುದುಂಟು. ಹೋರಿಗೂ ಆಕಳಿಗೂ ಜನನಾಂಗದಲ್ಲಿ ಸಣ್ಣ ಗುಳ್ಳೆಗಳೆದ್ದು ಹುಣ್ಣಾಗುವುದೂ ಇದೇ ವಿಷಾಣುವಿನಿಂದ. ಇದು ಮನುಷ್ಯರಿಗೆ ತಗಲುವುದಿಲ್ಲ.

ವಿಷಾಣುವು ಅಡಗುವ ಸ್ಥಳ

ಮೂಗಿನ ಒಳಪೊರೆಯಲ್ಲಿ ವಿಷಾಣುವು ಬೆಳೆಯುವಾಗ ಅದರಲ್ಲಿ ಸ್ವಲ್ಪ ಭಾಗವು ಅಲ್ಲಿರುವ ನರದ ಎಳೆಗಳ ತುದಿಯನ್ನು ಹೊಗುವುದು. ಹೊಕ್ಕ ಮೇಲೆ ನರದ ದಾರಿಯನ್ನೇ ಹಿಡಿದು ಮೇಲೇರಿ, ತಲೆಬುರುಡೆಯ ತಳದಲ್ಲಿ, ಮಿದುಳಿಗೆ ಅಂಟಿದಂತಿರುವ ನರಗಂಟನ್ನು ಸೇರುವುದು. ಮುಖಕ್ಕೆಲ್ಲ ಸ್ಪರ್ಶಜ್ಞಾನವನ್ನು ಕೊಡುವ ಮೂರು ಕವಲಿನ ನರಕ್ಕೆ ಈ ಗಂಟೇ ಬುಡ. ಜನನಾಂಗದ ಮೂಲಕ ಸೋಂಕು ತಗಲಿದಲ್ಲಿ, ವಿಷಾಣುವು ಬೆನ್ನಹುರಿಯ ಕೊನೆಯಲ್ಲಿ ಬಾಲದ ಬುಡದ ಬಳಿಯಿರುವ ನರಗಂಟುಗಳಲ್ಲಿ ನೆಲಸುವುದು.

ಅಲ್ಲಿ ವಿಷಾಣುವು ಬೆಳೆಯುವುದೂ ಇಲ್ಲ, ನರವನ್ನು ಕೆಡಿಸುವುದೂ ಇಲ್ಲ. ಅದರ ಬೀಜಸ್ವರೂಪವು ಮಾತ್ರ ನರಕಣದ ಗರ್ಭದಲ್ಲಿ ಉಳಿಯುವುದು. ವಿಷಾಣುವು ಬೆಳೆಯುವಾಗ ಅದರ ಹೊರಮೈಯನ್ನು ಗುರುತು ಹಿಡಿದು ರಕ್ತದ ರಕ್ಷಕಶಕ್ತಿಯು ಅದನ್ನು ಕೊಲ್ಲುವುದು. ಬೆಳೆಯದೆ ಸುಮ್ಮನಿರುವಾಗ ಗುರುತು ಹಿಡಿಯಲು ಏನೂ ಸಿಕ್ಕುವುದಿಲ್ಲ. ಆದುದರಿಂದ ದನದ ಮೈಯ ಬಲವು ಎಷ್ಟೇ ಇದ್ದರೂ, ಔಷಧವು ಯಾವುದೇ ಆದರೂ, ಅಡಗಿದ ವಿಷಾಣುವನ್ನು ಹೊರಡಿಸಲಾರದು. ಒಮ್ಮೆ ಸೋಂಕು ತಗಲಿದ ದನವು ಬದುಕಿರುವವರೆಗೂ ಅದನ್ನು ಹೊತ್ತಿರುವುದು.

ಇದು ಮನುಷ್ಯರಲ್ಲಿಯೂ ಕಾಣದ ಸಂಗತಿಯಲ್ಲ. ಬಾಲ್ಯದಲ್ಲಿ ಸೀತಾಳ ಸಿಡುಬು ಬಂದುಹೋದವರಿಗೆ ಮುಪ್ಪಿನಲ್ಲಿ ಸರ್ಪಸುತ್ತು ಏಳುವುದನ್ನು ಹಳ್ಳಿಯ ಹಿರಿಯರು ಬಲ್ಲರು. ಅದೇ ಸಿಡುಬಿನ ವಿಷಾಣುವು ನರಗಂಟಿನಲ್ಲಿ ಹತ್ತಾರು ವರ್ಷ ಅಡಗಿದ್ದು, ಮೈಬಲ ಕುಂದಿದಾಗ ನರದ ದಾರಿಯಲ್ಲಿ ಇಳಿದುಬಂದು ಚರ್ಮದಲ್ಲಿ ಗುಳ್ಳೆಯಾಗುವುದು. ಆ ವಿಷಾಣುವೂ ಈ ವಿಷಾಣುವೂ ಒಂದೇ ವಂಶದವು.

ಕೆಂಡ ಕೆದರುವ ಕಾರಣಗಳು

ದಣಿವು, ದೂರದ ಪ್ರಯಾಣ, ಈಯುವ ಕಾಲದ ಶ್ರಮ, ಮೇವಿನ ಕೊರತೆ, ಬೇರೊಂದು ಬೇನೆ, ಇವುಗಳಿಂದ ದನದ ಮೈಬಲ ಕುಂದಿದಾಗ ವಿಷಾಣುವು ಎಚ್ಚತ್ತು, ಹತ್ತಿದ ದಾರಿಯಲ್ಲಿಯೇ ಮೂಗಿಗೆ ಇಳಿಯುವುದು. ಆಗ ಸಿಂಬಳದಲ್ಲಿ ಕೆಲವು ದಿನಗಳವರೆಗೆ ವಿಷಾಣುವು ಹೊರಬೀಳುವುದು. ಆಶ್ಚರ್ಯವೇನೆಂದರೆ, ಆ ದನದಲ್ಲಿ ಬೇನೆಯ ಚಿಹ್ನೆಯು ಬಹಳ ಅಲ್ಪವಾಗಿರಬಹುದು, ಇಲ್ಲವೆ ಇಲ್ಲದೆಯೇ ಇರಬಹುದು. ಆದರೆ ಅದರ ಪಕ್ಕದಲ್ಲಿ ಕಟ್ಟಿದ, ಹಿಂದೆ ಸೋಂಕನ್ನೇ ಕಾಣದ ದನಗಳಿಗೆ ಜಾಡ್ಯವು ಪೂರ್ಣಬಲದಿಂದ ತಗಲುವುದು. ಮೇಲಿನ ದೃಷ್ಟಾಂತದಲ್ಲಿ ಲಾರಿಯ ಪ್ರಯಾಣವೇ ಕೆಂಡವನ್ನು ಕೆದರಿದ ಕೋಲು.

ಇನ್ನೊಂದು ಕಾರಣವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಡೆಕ್ಸಾಮೆಥಸೋನ್ ಮೊದಲಾದ ಸ್ಟೀರಾಯ್ಡ್ ಔಷಧಗಳು ಅಡಗಿದ ವಿಷಾಣುವನ್ನು ಎಬ್ಬಿಸುವುವು. ಪ್ರಯೋಗಶಾಲೆಗಳಲ್ಲಿ ವಿಷಾಣುವನ್ನು ಬೇಕೆಂದೇ ಎಬ್ಬಿಸಬೇಕಾದಾಗ ಇದನ್ನೇ ಚುಚ್ಚುವರು. ಗಬ್ಬದ ದನಕ್ಕೆ ಈ ಔಷಧಗಳಿಂದಲೇ ಗರ್ಭಪಾತವೂ ಆಗಬಹುದು. ಆದುದರಿಂದ ಪಶುವೈದ್ಯರಲ್ಲದವರ ಕೈಯಿಂದ ದನಗಳಿಗೆ ಇಂತಹ ಸೂಜಿ ಹಾಕಿಸಲೇಬಾರದು.

ಕರುಗಳ ಮಿದುಳಿನ ಬೇನೆ

ಇದೇ ವಂಶದ, ಐದನೆಯದೆಂದು ಎಣಿಸಲಾದ ಇನ್ನೊಂದು ವಿಷಾಣುವು ನರಗಂಟಿನಲ್ಲಿ ನಿಲ್ಲದೆ ಮಿದುಳನ್ನೇ ಹೊಕ್ಕು ಉರಿಯೂತವನ್ನುಂಟುಮಾಡುವುದು. ಬದುಕಿ ಉಳಿದ ದನಗಳಲ್ಲಿ ಇದು ಮಿದುಳಿನಲ್ಲಿಯೂ ಅಡಗಿರುವುದುಂಟು. ಬ್ರೆಜಿಲ್ ಮತ್ತು ಅರ್ಜೆಂಟೀನ ದೇಶಗಳಲ್ಲಿ ಇದರಿಂದ ಎಳೆಯ ದನಗಳು ಬಹಳವಾಗಿ ಸತ್ತಿವೆ. ಕರುವು ತಲೆಯನ್ನು ಗೋಡೆಗೆ ಒತ್ತುವುದು, ಸುತ್ತು ತಿರುಗುವುದು, ಕಣ್ಣು ಕಾಣದಂತಾಗುವುದು, ಹಲ್ಲು ಕಡಿಯುವುದು, ಜೊಲ್ಲು ಸುರಿಸುವುದು, ಕೊನೆಗೆ ಬಿದ್ದು ಕಾಲು ಬಡಿಯುವುದು ಇದರ ಚಿಹ್ನೆಗಳು.

ಆದರೆ ನಮ್ಮ ಕಡೆ ಇಂತಹ ಚಿಹ್ನೆ ಕಂಡಲ್ಲಿ ಮೊದಲು ಹುಚ್ಚುನಾಯಿ ರೋಗವನ್ನೇ ಸಂಶಯಿಸತಕ್ಕದ್ದು. ಹೊರನೋಟದಿಂದ ಇವೆರಡನ್ನು ಬೇರ್ಪಡಿಸುವುದು ಸಾಧ್ಯವಿಲ್ಲ. ಕರುವಿನ ಬಾಯಿಗೆ ಕೈ ಹಾಕಬಾರದು. ಔಷಧವನ್ನು ಗೊಟ್ಟದಿಂದ ಕುಡಿಸಬಾರದು. ಜೊಲ್ಲು ತಗಲಿದವರು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದುಕೊಂಡು ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

ಊರ ಹೋರಿಯ ವಿಚಾರ

ಸೋಂಕು ತಗಲಿದ ಹೋರಿಯ ವೀರ್ಯದಲ್ಲಿಯೂ ವಿಷಾಣುವು ಇಳಿಯುವುದು. ದೇವರ ಹೆಸರಿನಲ್ಲಿ ಬಿಟ್ಟ ಹೋರಿಯಾಗಲಿ, ಗೌಡರು ಊರ ಉಪಕಾರಕ್ಕೆಂದು ಸಾಕಿದ ಹೋರಿಯಾಗಲಿ, ಒಂದೇ ವರ್ಷದಲ್ಲಿ ಎಷ್ಟೋ ಮನೆಗಳ ಆಕಳುಗಳ ಸಂಪರ್ಕಕ್ಕೆ ಬರುವುದು. ಅದು ಸೋಂಕಿನದಾದಲ್ಲಿ ಊರಿಗೆಂದು ಮಾಡಿದ ಪುಣ್ಯಕಾರ್ಯವೇ ಊರಿಗೆ ಕೇಡಾಗುವುದು. ದ್ರವ ಸಾರಜನಕದ ಚಳಿಯಲ್ಲಿ ವೀರ್ಯದಂತೆಯೇ ವಿಷಾಣುವೂ ಸಾಯದೆ ಉಳಿಯುವುದಾದುದರಿಂದ, ವೀರ್ಯ ಸಂಗ್ರಹಣ ಕೇಂದ್ರಗಳ ಹೋರಿಗಳನ್ನು ಈ ಜಾಡ್ಯಕ್ಕಾಗಿ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರದ ನಿಯಮವಿದೆ. ಪರೀಕ್ಷೆಯಿಲ್ಲದ ಹೋರಿಗಿಂತ ಅಂಗೀಕೃತ ಕೇಂದ್ರದ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿಸುವುದೇ ಲೇಸು.

ಪರೀಕ್ಷೆಯ ಬಗೆ

ನರಗಂಟಿನಲ್ಲಿ ಅಡಗಿದ ವಿಷಾಣುವನ್ನು ಬದುಕಿರುವ ದನದಲ್ಲಿ ಹುಡುಕಲಾಗದು. ಆದರೆ ಅದರ ವಿರುದ್ಧ ರಕ್ತದಲ್ಲಿ ಹುಟ್ಟಿದ ರಕ್ಷಕದ್ರವ್ಯವನ್ನು ಎಲೈಸಾ ಎಂಬ ಪರೀಕ್ಷೆಯಿಂದ ಕಾಣಬಹುದು. ಬೆಂಗಳೂರಿನಲ್ಲಿರುವ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯು ಇದಕ್ಕಾಗಿ ಪರೀಕ್ಷಾ ಸಾಮಗ್ರಿಯನ್ನು ಸಿದ್ಧಪಡಿಸಿದೆ. ಎರಡು ಎಚ್ಚರಿಕೆಗಳು ಅವಶ್ಯ. ತಾಯಿಯ ಗಿಣ್ಣುಹಾಲಿನ ರಕ್ಷಣೆಯಿರುವಾಗಲೇ ಸೋಂಕು ತಗಲಿದ ಕರುವು ಮುಂದೆ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ತೋರಿಯೂ ವಿಷಾಣುವನ್ನು ಹೊತ್ತಿರಬಹುದು, ಇದು ಅಪರೂಪ. ಸಾಮಾನ್ಯ ಲಸಿಕೆ ಹಾಕಿಸಿದ ದನವು ಪರೀಕ್ಷೆಯಲ್ಲಿ ಸೋಂಕಿನ ದನದಂತೆಯೇ ತೋರುವುದು. ಇವೆರಡನ್ನು ಬೇರ್ಪಡಿಸಲು ಬರುವಂತಹ ಗುರುತಿನ ಲಸಿಕೆಯೂ ಉಂಟು. ಲಸಿಕೆಯು ಜಾಡ್ಯದ ಬಲವನ್ನೂ ವಿಷಾಣುವು ಹೊರಬೀಳುವುದನ್ನೂ ತಗ್ಗಿಸುವುದು, ಅಡಗಿದ್ದನ್ನು ಅಳಿಸಲಾರದು.

ಸೋಂಕು ಹೊತ್ತ ದನವನ್ನು ಏನು ಮಾಡಬೇಕು?

ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್, ಆಸ್ಟ್ರಿಯ ಮೊದಲಾದ ದೇಶಗಳು ಪರೀಕ್ಷೆಯಲ್ಲಿ ಸಿಕ್ಕ ದನಗಳನ್ನೆಲ್ಲ ತೆಗೆದುಹಾಕಿ ಈ ಜಾಡ್ಯವನ್ನು ನಿರ್ಮೂಲ ಮಾಡಿದುವು. ನಮ್ಮ ರಾಜ್ಯದಲ್ಲಿ ಗೋವಧೆಯು 2020ರ ಕಾಯಿದೆಯಿಂದ ನಿಷಿದ್ಧವಾಗಿದೆ. ರೈತನ ಮನಸ್ಸೂ ಅದಕ್ಕೆ ಒಪ್ಪದು. ಹೀಗಿರುವಲ್ಲಿ ಅಂತಹ ದನವನ್ನು ಸಂತೆಗೆ ಹೊಡೆದು ಕೈತೊಳೆದುಕೊಳ್ಳುವ ಆಶೆಯುಂಟಾಗುವುದು. ಅದನ್ನು ಕೊಳ್ಳುವವನು ಯಾರು? ಬಹುಶಃ ಸಾಲ ತೆಗೆದು ಒಂದೇ ಆಕಳನ್ನು ಕಟ್ಟುವ ಬಡವನು. ಅವನ ಓಣಿಯ ಆಕಳುಗಳು ಕಂದು ಹಾಕಿದರೆ ಒಂದು ವರ್ಷದ ಹಾಲೂ, ಹುಟ್ಟಬೇಕಾಗಿದ್ದ ಕರುಗಳೂ ಹೋಗಿ, ಸಾಲವು ಮಾತ್ರ ಉಳಿಯುವುದು. ಜಾಡ್ಯವೂ ಊರಿಂದ ಊರಿಗೆ ದಾಟುವುದು.

ಸೋಂಕು ಹೊತ್ತ ಆಕಳು ನಿರುಪಯೋಗಿಯಲ್ಲ. ಅದು ಹಾಲು ಕೊಡುವುದು, ಈಯುವುದು. ಅದನ್ನು ಬೇರೆ ಕಟ್ಟಿ, ಬೇರೆ ಬಾನಿಯಲ್ಲಿ ನೀರು ಕುಡಿಸಿ, ದಣಿಸದೆ ಸಾಕಿದರೆ ಅದರ ಆಯುಷ್ಯವು ಮುಗಿಯುವವರೆಗೂ ಪ್ರಯೋಜನ ಪಡೆಯಬಹುದು. ಮಾರಲೇಬೇಕಾದಲ್ಲಿ ಕೊಳ್ಳುವವನಿಗೆ ಸತ್ಯವನ್ನು ತಿಳಿಸತಕ್ಕದ್ದು.

ಅನುಸರಿಸತಕ್ಕ ಕ್ರಮಗಳು

1. ಹೊಸ ದನವನ್ನು ಕೊಳ್ಳುವ ಮೊದಲೇ ರಕ್ತಪರೀಕ್ಷೆ ಮಾಡಿಸತಕ್ಕದ್ದು.
2. ತಂದ ದನವನ್ನು ನಾಲ್ಕು ವಾರ ಬೇರೆ ಕಟ್ಟಿ, ಆ ಅವಧಿಯ ಕೊನೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಿ, ಆ ಮೇಲೆ ಹಿಂಡಿಗೆ ಸೇರಿಸತಕ್ಕದ್ದು.
3. ಹಿಂಡಿನ ಕೆಲಸವನ್ನು ಮೊದಲು ಮುಗಿಸಿ, ಬೇರೆ ಕಟ್ಟಿದ ದನದ ಕೆಲಸವನ್ನು ಕೊನೆಗೆ ಮಾಡತಕ್ಕದ್ದು.
4. ಆಕಳು ಕಂದು ಹಾಕಿದಲ್ಲಿ ಕೂಡಲೇ ಪಶು ಆಸ್ಪತ್ರೆಗೆ ತಿಳಿಸತಕ್ಕದ್ದು. ಮನುಷ್ಯರಿಗೂ ತಗಲುವ ಬ್ರುಸೆಲ್ಲಾ ರೋಗದಿಂದಲೂ ಕಂದು ಬೀಳುವುದಾದುದರಿಂದ, ಕಂದನ್ನೂ ಮಾಸನ್ನೂ ಬರಿಗೈಯಿಂದ ಮುಟ್ಟಬಾರದು. ವೈದ್ಯರು ನೋಡಿದ ಮೇಲೆ ಸುಣ್ಣ ಹಾಕಿ ಆಳವಾಗಿ ಹೂಳತಕ್ಕದ್ದು.
5. ಹಾಲನ್ನು ಕಾಯಿಸಿಯೇ ಕುಡಿಯತಕ್ಕದ್ದು.
6. ಊರ ಹೋರಿಯನ್ನು ಪರೀಕ್ಷಿಸದೆ ಆಕಳುಗಳಿಗೆ ಬಿಡಬಾರದು.

ಊರಿನ ಮುಖಂಡರೂ ಜಮೀನುದಾರರೂ ತಮ್ಮ ಕೊಟ್ಟಿಗೆಯಲ್ಲಿ ಮೊದಲು ಈ ಕ್ರಮಗಳನ್ನು ನಡೆಸಿ ತೋರಿಸಿದಲ್ಲಿ ಉಳಿದವರು ತಾವಾಗಿಯೇ ಅನುಸರಿಸುವರು. ಕಾಣುವ ಬೆಂಕಿಯನ್ನು ಆರಿಸಲು ಊರೆಲ್ಲ ಓಡಿಬರುವುದು. ಬೂದಿಯೊಳಗಿನ ಕೆಂಡವನ್ನು ಕಾಯುವುದಕ್ಕೆ ಮಾತ್ರ ತಿಳಿದವರ ಎಚ್ಚರವೇ ಬೇಕು.